ಚಾಕಲೇಟ್ ಕಾರಂಜಿಯ ಪಕ್ಕ ಮೂರು ಗಂಟೆ

"ಏನಮ್ಮಾ, ಇದು ಎಂಜಲಾಗಲ್ವಾ?"

ಮೈಸೂರಿನ ಒಂದು ಛತ್ರದಲ್ಲಿ ರಿಸೆಪ್ಷನ್. ಬೀಡಾ ಕೌಂಟರಿನ ಪಕ್ಕ ನನ್ನ ಮೇಜು. ಅದರ ಮೇಲೆ ಎರಡೂವರೆ ಅಡಿ ಎತ್ತರದ ಚಾಕಲೇಟ್ ಕಾರಂಜಿ. ಕೇಳಿದವರು ಮದುವೆ ಹುಡುಗನ ಅಜ್ಜಿ. ಅವರ ಕಣ್ಣೆದುರಿಗೇ ಒಬ್ಬ ಪುಟ್ಟ ಹುಡುಗ ಕಡ್ಡಿಯಲ್ಲಿದ್ದ ಬಾಳೆಹಣ್ಣನ್ನು ಅರ್ಧ ಕಚ್ಚಿ, ಉಳಿದದ್ದನ್ನು ಮತ್ತೆ ಹರಿಯುವ ಚಾಕಲೇಟಿಗೆ ಹಿಡಿದಿದ್ದ. ಆ ಚಾಕಲೇಟ್ ಕೆಳಗಿನ ಬಟ್ಟಲಿಗೆ ಬಿದ್ದು, ಮತ್ತೆ ಮೇಲೇರಿ, ಎಲ್ಲರ ಹಣ್ಣಿನ ಮೇಲೂ ಇಳಿಯುತ್ತಿತ್ತು. ಅಜ್ಜಿ ಅದನ್ನು ಒಂದೇ ನೋಟದಲ್ಲಿ ಕಂಡಿದ್ದರು. ನಾನು ನಾಲ್ಕು ತಿಂಗಳಿಂದ ಅದರ ಪಕ್ಕದಲ್ಲೇ ನಿಂತಿದ್ದೆ. ನನಗೆ ಕಂಡಿರಲಿಲ್ಲ.

ನಮ್ಮ ತವರು ಪುತ್ತೂರಿನ ಹತ್ತಿರ. ಅಡಿಕೆ ತೋಟ, ಅಡಿಕೆಯ ನಡುವೆ ಕೊಕ್ಕೊ ಗಿಡ. ಊರಲ್ಲಿ ಕೋಕೋ ಅನ್ನುವುದಿಲ್ಲ, ಕೊಕ್ಕೊ ಅಂತಲೇ ಹೇಳುವುದು. ಹಣ್ಣು ಒಡೆದರೆ ಬೀಜದ ಸುತ್ತ ಬಿಳಿಯ ತಿರುಳು ಇರುತ್ತದೆ. ಹುಳಿ ಸಿಹಿ. ಚಿಕ್ಕವರಿದ್ದಾಗ ಅದನ್ನು ಚೀಪಿ ಬೀಜವನ್ನು ಅಪ್ಪನ ಬುಟ್ಟಿಗೆ ಹಾಕುತ್ತಿದ್ದೆವು. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಶುರುವಾದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲೇ ಚಾಕಲೇಟ್ ಕಾರ್ಖಾನೆ ತೆರೆದಿತ್ತು. ಹಾಗಾಗಿ ಚಾಕಲೇಟ್ ಅಂದರೆ ನಮಗೆ ದೂರದ ವಸ್ತು ಅಲ್ಲ, ತೋಟದಿಂದ ಹೋಗುವ ವಸ್ತು. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಮನೆಯಲ್ಲೇ ಚಾಕಲೇಟ್ ಮಾಡಿ ಮಾರಲು ಶುರು ಮಾಡಿದೆ. ಹುಟ್ಟುಹಬ್ಬ, ಸೀಮಂತ, ದೀಪಾವಳಿ ಡಬ್ಬಿ, ಹೀಗೆ.

2022ರಲ್ಲಿ ನಮ್ಮ ಬಡಾವಣೆಯ ಕೇಟರಿಂಗ್ ಭಟ್ಟರು ಕೇಳಿದರು. "ಜನ ಚಾಕಲೇಟ್ ಫೌಂಟನ್ ಕೇಳ್ತಾ ಇದ್ದಾರೆ. ನಮ್ಮ ಹುಡುಗರಿಗೆ ಅದು ಬರಲ್ಲ. ನೀವು ನೋಡ್ಕೊಳ್ತೀರಾ ಮೇಡಂ?" ಬೆಂಗಳೂರಿನಲ್ಲಿ ಒಬ್ಬರು ಈ ಕೆಲಸ ಬಿಡುತ್ತಿದ್ದರು. ಅವರ ಹಳೇ ಮಷೀನ್ ಕೊಂಡೆ. ನನ್ನ ಜೊತೆಗೆ ನಿಲ್ಲಲು ತಮ್ಮ ಒಪ್ಪಿದ. ಅವನು ಇಲ್ಲೇ ಕಾಲೇಜು ಓದುತ್ತಿದ್ದ.

ಮಷೀನ್ ಒಳಗೆ ಏನೂ ಗುಟ್ಟಿಲ್ಲ. ಕೆಳಗೆ ಬಿಸಿಯಾಗುವ ಬಟ್ಟಲು. ನಡುವೆ ಒಂದು ಕೊಳವೆ. ಕೊಳವೆಯೊಳಗೆ ಉದ್ದನೆಯ ಸ್ಕ್ರೂ. ಅದು ತಿರುಗುತ್ತಾ ಚಾಕಲೇಟನ್ನು ತುದಿಯವರೆಗೆ ಎತ್ತುತ್ತದೆ. ಅಲ್ಲಿಂದ ಅದು ಮೂರು ತಟ್ಟೆಗಳ ಅಂಚಿನಿಂದ ಪರದೆಯ ಹಾಗೆ ಇಳಿಯುತ್ತದೆ. ಆ ಪರದೆ ಎಲ್ಲೂ ತುಂಡಾಗದೆ ಸುತ್ತಲೂ ಒಂದೇ ಸಮ ಇಳಿಯಬೇಕು. ಕಷ್ಟವೆಲ್ಲ ಅಲ್ಲೇ ಇರುವುದು.

ಮೊದಲ ಸಲ ಮನೆಯಲ್ಲಿ ಮಾಡಿ ನೋಡಿದಾಗ ಪರದೆಯೇ ಬರಲಿಲ್ಲ. ದಪ್ಪ ಹಗ್ಗಗಳ ಹಾಗೆ ಇಳಿಯಿತು. ಕಾರಣ ಎರಡಿದ್ದವು. ಒಂದು, ನಾನು ಬಳಸಿದ್ದು ಕಾಂಪೌಂಡ್ ಚಾಕಲೇಟ್. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ಅಚ್ಚಿಗೆ ಹಾಕಲು ಚೆನ್ನಾಗಿರುತ್ತದೆ, ಆದರೆ ಹಾಗೇ ಕರಗಿಸಿದರೆ ಕಾರಂಜಿಗೆ ಗಟ್ಟಿಯಾಯಿತು. ಕೂವರ್ಚರ್ ಅಂತ ಬರುವ ಒಳ್ಳೆಯ ಚಾಕಲೇಟಿನಲ್ಲಿ ಕೋಕೋ ಬೆಣ್ಣೆ ಜಾಸ್ತಿ. ನೂರರಲ್ಲಿ 31 ಭಾಗಕ್ಕಿಂತ ಕಡಿಮೆ ಇರುವುದಿಲ್ಲ. ಅದು ಸಲೀಸಾಗಿ ಹರಿಯುತ್ತದೆ, ಬೆಲೆ ಮಾತ್ರ ಬಹಳ. ನಮ್ಮ ಕಡೆಯ ಮದುವೆಗಳಿಗೆ ಕಾಂಪೌಂಡೇ ಗತಿ. ಅದಕ್ಕೆ ಎಣ್ಣೆ ಸೇರಿಸಬೇಕು. ಕೊಬ್ಬರಿ ಎಣ್ಣೆ ಹಾಕಿ ನೋಡಿದೆ, ವಾಸನೆ ಎದ್ದು ಬಂತು. ಕೊನೆಗೆ ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆಗೆ ಬಂದೆ. ಒಂದು ಕೆಜಿಗೆ ಸುಮಾರು 150 ಎಂಎಲ್. ಬ್ರ್ಯಾಂಡ್ ಬದಲಾದರೆ ಅಳತೆಯೂ ಬದಲಾಗುತ್ತದೆ. ಅದಕ್ಕೇ ಹೊಸ ಚಾಕಲೇಟ್ ತಂದಾಗಲೆಲ್ಲ ಮನೆಯಲ್ಲಿ ಮೊದಲು ಹರಿಸಿ ನೋಡುತ್ತೇನೆ.

ಎರಡನೇ ಕಾರಣ, ನಮ್ಮ ಊಟದ ಮೇಜು ಸಮ ಇರಲಿಲ್ಲ. ಕಣ್ಣಿಗೆ ಕಾಣದಷ್ಟು ವಾಲಿದ್ದರೂ ಚಾಕಲೇಟಿಗೆ ಗೊತ್ತಾಗುತ್ತದೆ. ಒಂದು ಕಡೆ ದಪ್ಪಗೆ ಇಳಿದು, ಇನ್ನೊಂದು ಕಡೆ ಸ್ಟೀಲ್ ಕಾಣುತ್ತದೆ. ಗಾರೆ ಕೆಲಸದವರ ರಸಮಟ್ಟ ಇರುತ್ತದಲ್ಲ, ಒಳಗೆ ಗುಳ್ಳೆ ಓಡಾಡುತ್ತದೆ, ಅದನ್ನು ಒಂದು ಕೊಂಡೆ. ಛತ್ರಕ್ಕೆ ಹೋದ ಕೂಡಲೇ ಮೊದಲ ಕೆಲಸ ಅದೇ. ಮೇಜಿನ ಮೇಲೆ ಇಡುವುದು, ಮಷೀನಿನ ಕಾಲಿನ ತಿರುಪು ತಿರುಗಿಸುವುದು, ಮತ್ತೆ ನೋಡುವುದು. ಎಷ್ಟೋ ಕಡೆ ಮೇಜಿನ ಕಾಲಿಗೆ ರಟ್ಟಿನ ಚೂರು ಕೊಟ್ಟಿದ್ದೇನೆ.

ಇನ್ನು ನೀರು. ಇದೊಂದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಸಬರೆಲ್ಲ ಇಲ್ಲೇ ಎಡವುತ್ತಾರೆ, ನಾನೂ ಎಡವಿದೆ. ಬಿಸಿ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು ಚಾಕಲೇಟ್ ಕರಗಿಸುತ್ತಿದ್ದೆ. ಅಂಚಿನಿಂದ ಆವಿ ಒಳಗೆ ಹೋಯಿತು. ಕರಗಿ ಹೊಳೆಯುತ್ತಿದ್ದ ಚಾಕಲೇಟ್ ನೋಡನೋಡುತ್ತಿದ್ದಂತೆ ಮಣ್ಣಿನ ಮುದ್ದೆಯ ಹಾಗಾಯಿತು. ಚಾಕಲೇಟ್ ಅಂದರೆ ಕೊಬ್ಬಿನಲ್ಲಿ ತೇಲುವ ಸಕ್ಕರೆ ಮತ್ತು ಕೋಕೋದ ನುಣ್ಣನೆಯ ಪುಡಿ. ಸ್ವಲ್ಪ ನೀರು ಬಿದ್ದರೂ ಸಕ್ಕರೆ ಅದನ್ನು ಹೀರಿಕೊಂಡು ಅಂಟಾಗುತ್ತದೆ. ಕಣಗಳೆಲ್ಲ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮತ್ತೆ ಕಾಯಿಸಿದರೂ ಅದು ಬಿಡುವುದಿಲ್ಲ. ಅಂಥದ್ದಕ್ಕೆ ಬಿಸಿ ಹಾಲು ಜಾಸ್ತಿ ಹಾಕಿದರೆ ಒಳ್ಳೆಯ ಸಾಸ್ ಆಗುತ್ತದೆ, ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಕಾರಂಜಿಗೆ ಮಾತ್ರ ಬರುವುದಿಲ್ಲ. ಈಗ ಮೈಕ್ರೋವೇವ್‌ನಲ್ಲಿ ಅರ್ಧ ಉರಿಯಲ್ಲಿ ಇಡುತ್ತೇನೆ. ಅರ್ಧರ್ಧ ನಿಮಿಷಕ್ಕೆ ತೆಗೆದು ಕಲಕುತ್ತೇನೆ. ಬಟ್ಟಲಿನಲ್ಲಿ 40ರಿಂದ 45 ಡಿಗ್ರಿ ಇದ್ದರೆ ಸಾಕು. ಹಾಲಿನ ಚಾಕಲೇಟ್, ಬಿಳಿ ಚಾಕಲೇಟ್ ಇನ್ನೂ ನಾಜೂಕು, ಬೇಗ ಸೀದುಹೋಗುತ್ತವೆ.

ಹಣ್ಣಿಗೂ ಇದೇ ಮಾತು. ಸ್ಟ್ರಾಬೆರಿ ಚಳಿಗಾಲದಲ್ಲಿ ಮಹಾಬಳೇಶ್ವರದಿಂದ ಬರುತ್ತದೆ. ಬೆಳಿಗ್ಗೆಯೇ ತೊಳೆದು, ಬಟ್ಟೆಯ ಮೇಲೆ ಹರಡಿ, ಫ್ಯಾನ್ ಕೆಳಗೆ ಪೂರ್ತಿ ಒಣಗಿಸುತ್ತೇನೆ. ತೊಟ್ಟು ಕೀಳುವುದಿಲ್ಲ. ಕಿತ್ತರೆ ಅಲ್ಲಿಂದ ರಸ ಸೋರುತ್ತದೆ. ಏಲಕ್ಕಿ ಬಾಳೆ ಒಳ್ಳೆಯದು, ಆದರೆ ಸ್ವಲ್ಪ ಗಟ್ಟಿ ಇರುವಾಗಲೇ ಬೇಕು. ಒಬ್ಬರು ಪ್ರೀತಿಯಿಂದ ನಂಜನಗೂಡು ರಸಬಾಳೆ ತಂದುಕೊಟ್ಟಿದ್ದರು. ಅಂಥ ಮೃದು ಹಣ್ಣು ಕಡ್ಡಿಯಲ್ಲಿ ನಿಲ್ಲುವುದಿಲ್ಲ. ಅದನ್ನು ಸುಮ್ನೆ ತಿನ್ನಬೇಕು. ಕಲ್ಲಂಗಡಿ ಬೇಡವೇ ಬೇಡ. ಕೇಕ್ ಮತ್ತು ರಸ್ಕಿನ ಪುಡಿ ಬಟ್ಟಲಿಗೆ ಬಿದ್ದು, ಸ್ಕ್ರೂ ಬುಡಕ್ಕೆ ಸೇರಿ ಹರಿವು ನಿಲ್ಲಿಸುತ್ತದೆ. ನಾನಾಗಿ ಕಂಡುಕೊಂಡ ಒಂದು ಜೋಡಿ ಕಡಲೆಕಾಯಿ ಚಿಕ್ಕಿ. ಚಿಕ್ಕ ಚೌಕ ಮಾಡಿ, ಚಿಮಟದಲ್ಲಿ ಹಿಡಿದು ಒಮ್ಮೆ ಅದ್ದಿದರೆ ಸಾಕು. ದೊಡ್ಡವರು ಅದನ್ನೇ ಕೇಳಿ ಬರುತ್ತಾರೆ.

ಮೊದಲ ಕೆಲಸ ಒಂದು ಹುಟ್ಟುಹಬ್ಬ. ಚೆನ್ನಾಗೇ ಆಯಿತು. ತೊಳೆಯುವಾಗ ತಪ್ಪು ಮಾಡಿದೆ. ಉಳಿದ ಚಾಕಲೇಟಿಗೆ ಬಿಸಿ ನೀರು ಹೊಯ್ದು ಹಾಲ್‌ನ ಸಿಂಕಿಗೆ ಬಿಟ್ಟೆ. ಅದು ಪೈಪಿನೊಳಗೆ ತಣ್ಣಗಾಗಿ ಕಲ್ಲಾಯಿತು. ಮಾರನೇ ದಿನ ಫೋನ್ ಬಂತು. ಪ್ಲಂಬರ್ ಖರ್ಚು ಕೊಟ್ಟು ಕ್ಷಮೆ ಕೇಳಿಬಂದೆ. ಈಗ ಮೊದಲು ಕೆರೆದು ತೆಗೆಯುತ್ತೇನೆ, ಆಮೇಲೆ ಕಾಗದದಿಂದ ಒರೆಸುತ್ತೇನೆ. ತೊಳೆಯುವುದು ಕೊನೆಗೆ, ಮನೆಯಲ್ಲಿ.

ಎರಡನೆಯದು ಮದುವೆ. ಪೂರ್ತಿ ಸಸ್ಯಾಹಾರಿ ಮನೆ. ಮಾರ್ಷ್‌ಮ್ಯಾಲೊ ಅನ್ನುವ ಮಿಠಾಯಿಯ ತಟ್ಟೆ ಜೋಡಿಸಿ ಆಗಿತ್ತು. ಮಕ್ಕಳಿಗೆ ಅದೆಂದರೆ ಇಷ್ಟ. ತಮ್ಮ ಖಾಲಿ ಪ್ಯಾಕೆಟ್ ಕೈಯಲ್ಲಿ ಹಿಡಿದು, "ಅಕ್ಕಾ, ಇಲ್ನೋಡು" ಅಂದ. ಹಸಿರು ಚುಕ್ಕೆ ಇರಲಿಲ್ಲ. ಇದ್ದದ್ದು ಕಂದು ಗುರುತು. ಮಾರ್ಷ್‌ಮ್ಯಾಲೊ ಮೆತ್ತಗಿರುವುದು ಜೆಲಟಿನ್‌ನಿಂದ. ಜೆಲಟಿನ್ ಬರುವುದು ಪ್ರಾಣಿಗಳ ಮೂಳೆ, ಚರ್ಮದಿಂದ. ಕೈ ನಡುಗಿತು. ತಟ್ಟೆಯನ್ನು ಹಾಗೇ ಎತ್ತಿ ಕಾರಿನೊಳಗೆ ಇಟ್ಟೆವು. ಯಾರೂ ಇನ್ನೂ ಮುಟ್ಟಿರಲಿಲ್ಲ. ಹುಡುಗಿಯ ಅಪ್ಪನಿಗೆ ನಾನೇ ಹೋಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದಿರಲ್ಲ, ಒಳ್ಳೇದಾಯ್ತು" ಅಂದರು. ಜೆಲಟಿನ್ ಇಲ್ಲದ ಮಾರ್ಷ್‌ಮ್ಯಾಲೊ ಸಿಗುತ್ತದೆ. ಹುಡುಕಿ ತರುತ್ತೇನೆ. ಸಿಗದಿದ್ದರೆ ಇಡುವುದಿಲ್ಲ. ಊಟಕ್ಕೆ ಬಂದವರು ಪ್ಯಾಕೆಟ್ ನೋಡುವುದಿಲ್ಲ, ನಮ್ಮ ಮುಖ ನೋಡಿ ತಿನ್ನುತ್ತಾರೆ.

ಆ ಹೊತ್ತಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ನೋಂದಣಿಯೂ ಆಗಿತ್ತು. ಸಣ್ಣ ವ್ಯಾಪಾರಕ್ಕೆ ಆಗ ವರ್ಷಕ್ಕೆ 100 ರೂಪಾಯಿ.

ಗಾಳಿಯ ಪಾಠ ಕಲಿತದ್ದು ಒಂದು ಲಾನ್ ರಿಸೆಪ್ಷನ್‌ನಲ್ಲಿ. ಸಂಜೆ ಏಳರ ಹೊತ್ತಿಗೆ ಗಾಳಿ ಎದ್ದಿತು. ಚಾಕಲೇಟಿನ ಪರದೆ ಒಂದು ಕಡೆಗೆ ಹಾರಿತು. ಹತ್ತಿರ ನಿಂತಿದ್ದ ಒಬ್ಬರ ಮೈಸೂರು ಸಿಲ್ಕ್ ಸೀರೆಯ ಸೆರಗಿಗೆ ಹನಿ ಬಿತ್ತು. ತಿಳಿ ಗುಲಾಬಿ ಸೀರೆ. ಅವರು ಗಾಬರಿಯಾಗಿ ಒದ್ದೆ ಬಟ್ಟೆಯಿಂದ ಉಜ್ಜಲು ಹೊರಟರು. ಬೇಡ ಅಂತ ತಡೆದೆ. ಉಜ್ಜಿದರೆ ಎಣ್ಣೆ ಇನ್ನಷ್ಟು ಒಳಗಿಳಿಯುತ್ತದೆ. ಹನಿ ಗಟ್ಟಿಯಾಗಲು ಬಿಟ್ಟು, ಚಮಚದ ಅಂಚಿನಿಂದ ಮೆಲ್ಲಗೆ ಎತ್ತಿದೆ. ಮಾರನೇ ದಿನ ಅವರ ಮನೆಗೆ ಹೋಗಿ ಸೀರೆ ಇಸಕೊಂಡು ಡ್ರೈಕ್ಲೀನಿಂಗಿಗೆ ಕೊಟ್ಟೆ. ಕಲೆ ಹೋಯಿತು. ಸೀರೆ ವಾಪಸ್ ಕೊಡುವಾಗ ಅವರು ಕಾಫಿ ಕೊಟ್ಟರು. ಅವರ ಅಮ್ಮ ಉಡಿಸಿದ ಸೀರೆಯಂತೆ ಅದು. ಈಗ ಬಯಲಲ್ಲಿ ಮೂರು ಕಡೆ ಅಡ್ಡ ಹಲಗೆ ಇಲ್ಲದೆ ಮಷೀನ್ ಶುರು ಮಾಡುವುದಿಲ್ಲ. ಛತ್ರದೊಳಗೂ ಮೊದಲು ತಲೆ ಎತ್ತಿ ಫ್ಯಾನ್ ಎಲ್ಲಿದೆ ನೋಡುತ್ತೇನೆ. ದೋಸೆ ಕೌಂಟರ್ ಪಕ್ಕವೂ ಒಪ್ಪುವುದಿಲ್ಲ, ಅಲ್ಲಿ ಆವಿ. ಐಸ್‌ಕ್ರೀಮ್ ಪಕ್ಕ ಬೇಡ. ಕಪ್ ಹಿಡಿದು ಬಂದವರು ಚಾಕಲೇಟ್ ಕೆಳಗೆ ಹಿಡಿಯುತ್ತಾರೆ, ಕರಗಿದ್ದು ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಬೀಡಾ ಕೌಂಟರ್ ಪಕ್ಕವೇ ಎಲ್ಲಕ್ಕಿಂತ ಚೆಂದ.

ಕರೆಂಟ್ ಹೋಗಿ ಜನರೇಟರ್ ಶುರುವಾಗುವ ಆ ಕೆಲವು ಕ್ಷಣ ತೊಂದರೆಯಿಲ್ಲ. ಜಾಸ್ತಿ ಹೊತ್ತು ನಿಂತರೆ ಕೊಳವೆಯೊಳಗೆ ಚಾಕಲೇಟ್ ಬಿಗಿದುಕೊಳ್ಳುತ್ತದೆ. ಹಾಗೇ ಸ್ವಿಚ್ ಹಾಕಿದರೆ ಮೋಟಾರಿಗೆ ಪೆಟ್ಟು. ಚೀಲದಲ್ಲಿ ಒಂದು ಹೇರ್ ಡ್ರೈಯರ್ ಇರುತ್ತದೆ, ಕೊಳವೆಗೆ ಹೊರಗಿಂದ ಬಿಸಿ ಕೊಡಲು. ಪರದೆ ತುಂಡಾಗಿ ಗೊರಗೊರ ಸದ್ದು ಬಂದರೆ ಒಳಗೆ ಗಾಳಿ ಸೇರಿದೆ ಅಂತ. ಒಂದು ನಿಮಿಷ ನಿಲ್ಲಿಸಿ ಮತ್ತೆ ಹಾಕಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ಕಲಿತು, ಇನ್ನೇನು ಎಲ್ಲಾ ಗೊತ್ತಾಯಿತು ಅಂದುಕೊಂಡಿದ್ದಾಗಲೇ ಅಜ್ಜಿ ಆ ಪ್ರಶ್ನೆ ಕೇಳಿದ್ದು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮಲ್ಲಿ ಪಂಕ್ತಿಯಲ್ಲಿ ಬಡಿಸುವವರನ್ನು ನೋಡಿ. ಸೌಟು ಎಲೆಗೆ ತಾಗದ ಹಾಗೆ ಪಲ್ಯ ಬಡಿಸುತ್ತಾರೆ. ತಾಗಿದರೆ ಆ ಪಾತ್ರೆಯೇ ಎಂಜಲು. ಇದನ್ನು ಯಾರೂ ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ಅಂಥ ಛತ್ರದೊಳಗೆ ನಾನು ಇಟ್ಟಿದ್ದದ್ದು ಊರೆಲ್ಲ ಕಡ್ಡಿ ಅದ್ದುವ ಒಂದೇ ಬಟ್ಟಲು. "ಒಮ್ಮೆ ಕಚ್ಚಿದ್ದನ್ನು ಮತ್ತೆ ಅದ್ದಬೇಡಿ" ಅಂತ ಬೋರ್ಡ್ ಬರೆಸಿದೆ. ಮದುವೆಮನೆಯಲ್ಲಿ ಬೋರ್ಡ್ ಯಾರು ಓದುತ್ತಾರೆ? ಅದರ ಮುಂದಿನ ಮದುವೆಯಲ್ಲಿ ತಮ್ಮನನ್ನು ಮಷೀನಿನ ಪಕ್ಕವೇ ನಿಲ್ಲಿಸಿ ಹೇಳಿಸಿದೆ. ಒಬ್ಬ ತಂದೆಗೆ ಬೇಸರವಾಯಿತು. "ಮಗು ಅಲ್ವೇನ್ರೀ, ಬಿಡಿ" ಅಂದರು. ಅವರದ್ದೂ ತಪ್ಪಲ್ಲ. ನೀವೇ ಅದ್ದಿಕೊಳ್ಳಿ ಅಂತ ಮುಂದೆ ಇಟ್ಟಮೇಲೆ ತಡೆಯುವುದು ಹೇಗೆ?

ಅದಾದ ಮೇಲಿನ ಮದುವೆಗೆ ಮೇಜು ತಿರುಗಿಸಿದೆ. ಕಾರಂಜಿ ನನ್ನ ಕಡೆ, ಜನ ಆ ಕಡೆ. ನಡುವೆ ಹಣ್ಣಿನ ತಟ್ಟೆಗಳು. "ಏನು ಬೇಕು ಹೇಳಿ, ನಾನು ಬಡಿಸ್ತೀನಿ." ಅವರು ಬೆರಳು ತೋರಿಸುತ್ತಾರೆ. ನಾನು ಹೊಸ ಕಡ್ಡಿಯಲ್ಲಿ ಹಿಡಿದು, ಪರದೆಯಲ್ಲಿ ಒಂದು ಸುತ್ತು ತಿರುಗಿಸಿ, ಹನಿ ಬೀಳುವವರೆಗೆ ಎರಡು ಕ್ಷಣ ಕಾದು, ಅಡಿಕೆ ಹಾಳೆಯ ಪುಟ್ಟ ಬಟ್ಟಲಿನಲ್ಲಿ ಇಟ್ಟು ಕೊಡುತ್ತೇನೆ. ಹಾಳೆ ಬಟ್ಟಲು ಊರಿಂದ ತರಿಸಿದ್ದು. ತಮ್ಮ ಎರಡನೇ ಸಾಲಿಗೆ. ಸಾಲು ಉದ್ದವಾಗುತ್ತದೆ ಅಂತ ಹೆದರಿದ್ದೆ. ಆಗಲಿಲ್ಲ. ಮೊದಲೆಲ್ಲ ಜನ ಮಷೀನ್ ಸುತ್ತ ಗುಂಪು ಕಟ್ಟುತ್ತಿದ್ದರು. ಈಗ ತಗೊಂಡು ಮುಂದೆ ಹೋಗುತ್ತಾರೆ. ಚಾಕಲೇಟ್ ಕೂಡ ಕಡಿಮೆ ಸಾಕಾಯಿತು. ಮೊದಲು 150 ಜನಕ್ಕೆ ಐದು ಕೆಜಿ ಹಿಡಿಯುತ್ತಿತ್ತು. ಈಗ ಮೂರೂವರೆಯಲ್ಲಿ ಮುಗಿಯುತ್ತದೆ.

ಮಕ್ಕಳಿಗೆ ಮಾತ್ರ ಇದು ಸಾಲದು. ತಾವೇ ಹಿಡಿಯಬೇಕು, ಚಾಕಲೇಟ್ ಇಳಿದು ಹಣ್ಣು ಮುಚ್ಚುವುದನ್ನು ಹತ್ತಿರದಿಂದ ನೋಡಬೇಕು. ಆ ಖುಷಿ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಅದಕ್ಕೆ ಮೇಜಿನ ಪಕ್ಕ ಒಂದು ಗಟ್ಟಿ ಮಣೆ ಇಟ್ಟಿದ್ದೇನೆ. ಮಗು ಮಣೆ ಹತ್ತುತ್ತದೆ. ಕಡ್ಡಿಯನ್ನು ಅದು ಹಿಡಿಯುತ್ತದೆ, ಅದರ ಕೈಯನ್ನು ನಾನು ಹಿಡಿಯುತ್ತೇನೆ. ಇಬ್ಬರೂ ಸೇರಿ ಅದ್ದುತ್ತೇವೆ. ಇನ್ನೊಂದು ಬೇಕೆಂದರೆ ಇನ್ನೊಂದು ಕಡ್ಡಿ, ಹಳೆಯದು ಕಸದ ಬುಟ್ಟಿಗೆ. ಕೆಲವು ಮಕ್ಕಳು ಆ ಹೊತ್ತಿನಲ್ಲಿ ಉಸಿರು ಬಿಗಿಹಿಡಿಯುತ್ತವೆ. ಕೈಯಲ್ಲಿ ಗೊತ್ತಾಗುತ್ತದೆ.

2024ರಲ್ಲಿ ಈ ಕೆಲಸ ನಿಲ್ಲಿಸುವುದೇ ಅನ್ನುವ ಹಾಗಾಯಿತು. ಘಾನಾ ಮತ್ತು ಐವರಿ ಕೋಸ್ಟ್‌ನಲ್ಲಿ ಬೆಳೆ ಕೆಟ್ಟು ಕೋಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿತ್ತು. ನನ್ನ ಅಂಗಡಿಯವರು ತಿಂಗಳಿಗೊಂದು ದರ ಹೇಳುತ್ತಿದ್ದರು. ಅದೇ ವಾರ ಅಪ್ಪನ ಫೋನ್. ಎಷ್ಟೋ ವರ್ಷದ ಮೇಲೆ ಅವರ ದನಿಯಲ್ಲಿ ಅಷ್ಟು ಹುರುಪು ಕೇಳಿದ್ದೆ. "ಕೊಕ್ಕೊಗೆ ಈ ಸಲ ಭಾರೀ ರೇಟು ಮಗಾ. ಕಡಿಯಬೇಕು ಅಂತಿದ್ದ ಗಿಡಗಳನ್ನು ಬಿಟ್ಟಿದ್ದೇನೆ." ನನ್ನ ಕಷ್ಟ ಹೇಳಬೇಕೆಂದು ಬಾಯಿಗೆ ಬಂದಿತ್ತು, ಹೇಳಲಿಲ್ಲ. ಗಿಡ ಉಳಿಯಿತಲ್ಲ, ನನಗೆ ಅದೇ ದೊಡ್ಡದಾಗಿ ಕಂಡಿತು. ಆ ವರ್ಷ ನಾಲ್ಕು ಕೆಲಸ ಬಿಟ್ಟೆ. ಒಪ್ಪಿಕೊಂಡ ಕಡೆ ದರ ಏರಿಸಿ, ಯಾಕೆಂದು ಬಿಡಿಸಿ ಹೇಳಿದೆ.

ಕಳೆದ ವರ್ಷ ಪುತ್ತೂರಿನಲ್ಲೇ ಚಿಕ್ಕಪ್ಪನ ಮಗಳ ಮದುವೆ. ಕಾರಂಜಿ ಇಡಲೇಬೇಕು ಅಂತ ಅವಳ ಹಟ. ಮೈಸೂರಿಂದ ಮಷೀನ್ ಕಾರಿನಲ್ಲಿ ಬಂತು. ಅಪ್ಪ ಊಟ ಮುಗಿಸಿ ಬಂದು, ಬಹಳ ಹೊತ್ತು ಮಾತಾಡದೆ ನೋಡಿದರು. ಆಮೇಲೆ ಮೆಲ್ಲಗೆ, "ಇದು ನಮ್ಮ ಕೊಕ್ಕೊವಾ?" ಅಂದರು. ಆ ಸಲ ನಾನು ಕ್ಯಾಂಪ್ಕೊ ಚಾಕಲೇಟನ್ನೂ ಸೇರಿಸಿದ್ದೆ. "ಸ್ವಲ್ಪ ಇರಬಹುದು ಅಪ್ಪ" ಅಂದೆ. ಬಾಳೆಹಣ್ಣು ಅದ್ದಿ ಹಾಳೆಯಲ್ಲಿ ಕೊಟ್ಟೆ. ಅವರು ಹಣ್ಣಿಗಿಂತ ಮೊದಲು ಹಾಳೆಗೆ ಅಂಟಿದ ಚಾಕಲೇಟನ್ನು ಬೆರಳಲ್ಲಿ ಒರೆಸಿ ನಾಲಿಗೆಗೆ ಹಚ್ಚಿಕೊಂಡರು. ಕೊಕ್ಕೊ ಬೀಜ ಹುದುಗು ಬಂದಿದೆಯಾ ಅಂತ ಮೂಸಿ ನೋಡುವಾಗ ಅವರ ಮುಖ ಹೇಗಿರುತ್ತದೋ, ಹಾಗೇ ಇತ್ತು.

ಬಡಿಸಲು ಶುರು ಮಾಡಿದ ಮೇಲೆ ಇನ್ನೊಂದು ಆಯಿತು. ಮೊದಲು ರಾತ್ರಿ ಉಳಿದ ಚಾಕಲೇಟ್ ಅಷ್ಟನ್ನೂ ಎಸೆಯಬೇಕಿತ್ತು. ಅಷ್ಟು ಜನರ ಎಂಜಲನ್ನು ಯಾರಿಗೆ ಕೊಡುವುದು? ಈಗ ಬಟ್ಟಲು ಶುದ್ಧವಾಗಿರುತ್ತದೆ. ಪಾತ್ರೆ ತೊಳೆಯುವವರು, ಎಲೆ ತೆಗೆಯುವವರು, ಅಡುಗೆ ಭಟ್ಟರ ಹುಡುಗರು, ಇವರೆಲ್ಲ ಹೊಗೆಯಲ್ಲಿ ನಿಂತು ದುಡಿದು, ಎಲ್ಲರದ್ದೂ ಆದ ಮೇಲೆ ಕೂರುವವರು. ಹತ್ತೂವರೆಗೆ ಮೋಟಾರ್ ನಿಲ್ಲಿಸುವ ಮೊದಲು ತಮ್ಮ ಅಡುಗೆಮನೆಗೆ ಹೋಗಿ ಕರೆದು ಬರುತ್ತಾನೆ. ಅವರಿಗೆಂದೇ ಒಂದು ತಟ್ಟೆ ಸ್ಟ್ರಾಬೆರಿ, ಒಂದು ತಟ್ಟೆ ಚಿಕ್ಕಿ ಮೊದಲೇ ಎತ್ತಿಟ್ಟಿರುತ್ತೇನೆ.

ಪುತ್ತೂರಿನ ಮದುವೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಒಬ್ಬರು ಕೈ ಒರೆಸಿಕೊಂಡು ಬಂದು ನಿಂತರು. ಒಂದು ಕೊಟ್ಟೆ. ತಿನ್ನಲಿಲ್ಲ. "ಅಕ್ಕಾ, ಮಗಳಿಗೆ ತಗೊಂಡು ಹೋಗಬಹುದಾ?" ಅಂತ ಕೇಳಿದರು. ಎಣ್ಣೆ ಸೇರಿದ ಚಾಕಲೇಟ್ ಪೂರ್ತಿ ಗಟ್ಟಿಯಾಗುವುದಿಲ್ಲ, ಕಾಗದಕ್ಕೆಲ್ಲ ಅಂಟಿಕೊಳ್ಳುತ್ತದೆ. ಕಡ್ಡಿ ಇಟ್ಟುಕೊಳ್ಳುವ ನನ್ನ ಸ್ಟೀಲ್ ಡಬ್ಬಿ ಖಾಲಿ ಮಾಡಿ ಒರೆಸಿದೆ. ತಳಕ್ಕೆ ಬಾಳೆ ಎಲೆ ಹಾಸಿ, ನಾಲ್ಕು ಚಿಕ್ಕಿ, ನಾಲ್ಕು ಬಾಳೆಹಣ್ಣು ಅದ್ದಿ ಜೋಡಿಸಿ ಕೊಟ್ಟೆ. "ಮೊದಲು ನಿಮ್ಮ ಪಾಲು ತಿನ್ನಿ" ಅಂದೆ. ಆಮೇಲೆ ಸ್ವಿಚ್ ಆರಿಸಿದೆ. ಪರದೆ ಮೇಲಿಂದ ತೆಳ್ಳಗಾಗುತ್ತಾ ಬಟ್ಟಲಿಗೆ ಇಳಿಯಿತು. ಅವರು ಡಬ್ಬಿಯನ್ನು ಸೆರಗಿನಲ್ಲಿ ಹಿಡಿದುಕೊಂಡು, ಅದು ಪೂರ್ತಿ ನಿಲ್ಲುವವರೆಗೂ ನೋಡುತ್ತಾ ನಿಂತಿದ್ದರು.